ಜಗ್ಗಲಗಿಗೆ ಟಿಕೇಟಿಲ್ಲ

ಮಧ್ಯಾಹ್ನ ಒಂದಕ್ಕ ಬರ್ತೇನಂದಿದ್ದ ಟಂಟಂ ಶರೀಫ
ಎರಡೂವರಿಗೆ ಫೋನ್ ಹಚ್ಚಿ
‘ಅಣ್ಣಾ, ಬೀಗರ ಮಂದಿ ಬಂದಾರ,
ಗಾಡಿ ಮುಂಡರಗಿ ಕಡೆ ಹೊಂಟೈತಿ’ ಅಂದ.
ಹಿಂದ ನಗೂ ಸಪ್ಪಳ, ಬಳಿ ಸಪ್ಪಳ.

ಬೆಟಗೇರಿ ಬಿಸಲಾಗ ನಾವು ಮೂರು ಮಂದಿ:
ನಾ, ಮೈಲಾರಿ, ಮಗ್ಗ ಬಿಟ್ಟು ಓಡಿಬಂದ ತುಳಜಾಸಾ.
ನಾಕನೇದು ಗ್ವಾಡಿಗೆ ಆನಿ ನಿಂತ ಜಗ್ಗಲಗಿ,
ನಮ್ಮಜ್ಜನ ಚಕ್ಕಡಿ ಗಾಲಿಯ ಹಳಿಗೆ
ತೊಗಲು ಬಿಗದದ್ದು, ಮೂರು ಮೊಳ ಅಡ್ಡ.
ಕತ್ತಲಾಗೂದ್ರಾಗ ಹುಬ್ಬಳ್ಳಿ ಮುಟ್ಟಬೇಕು.

ಹುಬ್ಬಳ್ಳಿ ಬಸ್ಸು ಒಳಗಿನ ಮಂದೀನ್ನ
ಕಿಡಕ್ಯಾಗಿಂದ ಮೊಳಕೈ ಮೊಳಕೈ ಚೆಲ್ಲಿಕೋತ ನಿಂತಿತ್ತು.
ಕಂಡಕ್ಟರ್ ಜಗ್ಗಲಗಿ ನೋಡಿದ, ಬಾಗಲಾ ನೋಡಿದ,
‘ಹೊಗ್ಗತೈತಿ ಖರೆ, ಒಳಗ ಹೊಳ್ಳೂದಿಲ್ಲ.’
‘ಮ್ಯಾಲೆ ಹಾಕೂಣ್ರಿ’ ಅಂದ ಮೈಲಾರಿ.
‘ಮ್ಯಾಲೆ ಹತ್ತಾಕ ಈಗ ಏಣಿ ಎಲ್ಲೈತಿ ತಮ್ಮಾ?’
ಅಂದಾಂವ ತಡೀಲಾರದ ತೊಗಲಿಗೆ ಒಂದು ಏಟು ಹಾಕಿದ.
ಧಮ್!
ಇಡೀ ಬಸ್ಸು ಹೊಳ್ಳಿ ನೋಡ್ತು.
‘ಇದಕ್ಕ ಹರಿಯೂ ಟಿಕೇಟ್ ನನ್ನ ಮಷೀನಿನ್ಯಾಗಿಲ್ಲ’
ಅಂತ ಸೀಟಿ ಊದಿಬಿಟ್ಟ.

ಹುಬ್ಬಳ್ಳಿಯಿಂದ ಕರಿಯಪ್ಪ ಮಾಂವನ ಫೋನ್ ಮ್ಯಾಲಿಂದ ಮ್ಯಾಲೆ:
‘ಎಲ್ಲಿದ್ದೀರ್ಲೇ?’
‘ಹುಲಕೋಟಿ ದಾಟೇವ್ರಿ’ ಅಂದ ತುಳಜಾಸಾ,
ಗದಗ ಬಸ್‌ಸ್ಟ್ಯಾಂಡಿನ್ಯಾಗ ನಿಂತು,
ಚಾ ಕುಡಕೋತ.

ಕಡೀಕ ಸಿಕ್ಕದ್ದು ಒಣಮೆಣಸಿನಕಾಯಿ ಲಾರಿ.
ಚೀಲದ ಮ್ಯಾಲೆ ಆಕಿನ್ನ ಮಲಗಿಸಿ
ಬಾಜೂಕ ನಾವು ಹೆಣಧಂಗ ಬಿದ್ದಿವಿ.
ಅಣ್ಣಿಗೇರಿ ಬರೂದ್ರಾಗ ನಮ್ಮ ಮೂಗು ನಮ್ಮೂವಾಗಿ ಉಳದಿದ್ದಿಲ್ಲ.
ಭದ್ರಾಪುರಕ್ಕ ಮೈಲಾರಿದು ನಲವತ್ತೊಂದನೇ ಸೀನು,
ಅಲ್ಲಿಗೆ ನಾ ಎಣಸೂದು ಬಿಟ್ಟೆ.
ಎರೀ ಹೊಲ, ಕಡ್ಲಿ ಕಿತ್ತ ಬಯಲು
ಎಲ್ಲಾ ಕಣ್ಣೀರಾಗ ಈಸಾಡಿಕೋತ ಹಿಂದ ಹೋದ್ವು.
ತೊಗಲು ಮಾತ್ರ ಬಿಸಲಿಗೆ ಬಿಗೀತನ ಬಿಗೀತ
ಯಾರೂ ಮುಟ್ಟದನ ಗುಂಯ್ ಅಂತಿತ್ತು.

ಊರು ಇನ್ನೂ ಒಂದೂವರಿ ಹರದಾರಿ ಇರೂವಾಗ ಲಾರಿ ನಿಂತಿತು.
‘ಮುಂದ ಪೊಲೀಸರು ಬಿಡಂಗಿಲ್ಲ.’
ಹಬ್ಬ ಅಂದ್ರ ಇಷ್ಟ:
ಎಲ್ಲಾ ದಾರಿ ಅದರ ಕಡೇನ ಹರೀತಾವು,
ಅದರ ಬಾಗಲಕ್ಕ ಬಂದು ಮುಚ್ಚತಾವು.

ಹೊರೂಣಂದ್ರ ನಾಕು ಹೆಗಲ ಬೇಕು.
ಪಂಕ್ಚರ್ ಅಂಗಡಿ ಹುಡುಗ, ಪಾನಾ ಹಿಡದು ನೋಡಾಕತ್ತಿದ್ದಾಂವ,
‘ಕಾಕಾ, ಅದು ಮೊದಲ ಗಾಲಿ ಇತ್ತಲ್ಲ?’ ಅಂದ.

ಅದು ಮೊದಲ ಗಾಲಿ ಇತ್ತು.

ಲಾರಿ ಟ್ಯೂಬ್ ಸೀಳಿ ಸುತ್ತಲೂ ಬಿಗದ್ವಿ.
ನಿಲ್ಲಿಸಿ ಕೈ ಹಚ್ಚಿದ್ದ ತಡ,
ಇಪ್ಪತ್ತು ವರ್ಷ ಬರೇ ಹೊರಿಸಿಕೊಂಡ ತಿರಗಿದ್ದು
ನಮ್ಮನ್ನ ಬಿಟ್ಟು ಮುಂದ ಹೊಂಟಿತು,
ಅಜ್ಜನ ಎತ್ತು ಇನ್ನೂ ಮುಂದ ಅದಾವೇನೋ ಅನ್ನೂಹಂಗ.
ಚಡಾವಿಗೆ ನೂಕಿದಿವಿ, ಇಳಕಲಿಗೆ ಬೈಕೋತ ಬೆನ್ನ ಹತ್ತಿದಿವಿ.
ಎದುರಿಗೆ ಬಂದ ನಾಯಿ ಒಂದು
ಬೊಗಳಬೇಕೋ ಬ್ಯಾಡೋ ತಿಳೀದ ಕುಂತ್ಬಿಡ್ತು.

ಸಂಜಿ. ಪೂಲಿನ ಈಚಿಗೇನ ಮಂದಿ ಗ್ವಾಡಿ.
ಮಾರಿ ಯಾರಿಗೂ ಇಲ್ಲ,
ಎಲ್ಲಾರೂ ನೇರಳಿ, ಹಸರು, ಬೆಳ್ಳಿ.
ನಮ್ಮವರ ಸಾಲು ಎಲ್ಲ್ಯೋ ಒಳಗ, ಕಾಣಸವಲ್ದು.
ಕೇಳಿಸ್ತು.
ಎಂಟು ಪೆಟ್ಟಿನ ಗತ್ತು. ಏಳು ಬಿದ್ದು ಒಂದು ಖಾಲಿ,
ಏಳು ಬಿದ್ದು ಒಂದು ಖಾಲಿ.
ಬಿದ್ದ ಹಲ್ಲಿನ ಜಾಗಾ ನಾಲಿಗೀಲೆ ಮುಟ್ಟಿ ಮುಟ್ಟಿ ನೋಡಿಧಂಗ
ಮಾಂವ ಆ ಜಾಗಾ ಕಾಯಕೋತ ಬಾರಸಾಕತ್ತಿದ್ದ.

ಟ್ಯೂಬ್ ಬಿಚ್ಚಾಕೂ ಪುರಸತ್ತಿಲ್ಲ.
ಸೋಡಾ ಗಾಡಿಗೂ ಹವಾಲ್ದಾರಗೂ ನಡುವ, ನಿಂತಲ್ಲೇ,
ಮೈಲಾರಿ ಕೋಲು ಎತ್ತಿ
ಎಂಟನೇದು ಹಾಕಿದ.

ಒಂದು ಗಳಿಗಿ ಎಲ್ಲಾ ನಿಂತ್ವು.
ಆಮ್ಯಾಲೆ ಗದ್ದಲದ ಹೊಟ್ಟ್ಯಾಗಿಂದ ಮಾಂವನ ದನಿ:
‘ಹುಲಕೋಟಿ ದಾಟಿದ್ರೇನ್ಲೇ!’

ಟ್ಯೂಬ್ ಇನ್ನೂ ನಮ್ಮನ್ಯಾಗ ಐತಿ.
ಆ ಹುಡುಗನ ಹೆಸರು ಕೇಳೂದ ಮರತಿವಿ.